ಎರಡೂವರೆ ಮೀಟರ್ ಜಾಗ: ಪಿ.ಬಿ. ರಸ್ತೆಯ ಒಂದು ಅಪಘಾತದ ಪ್ರಕರಣ ಅಧ್ಯಯನ

2024ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಏಳು ಗಂಟೆ ಹತ್ತು ನಿಮಿಷದ ಸುಮಾರಿಗೆ, ದಾವಣಗೆರೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಒಂದು ಕಾರಿನ ಎಡಗನ್ನಡಿ ಮುಂದೆ ಹೋಗುತ್ತಿದ್ದ ಸೈಕಲ್ಲಿನ ಮಂಡಕ್ಕಿ ಚೀಲಕ್ಕೆ ತಾಗಿತು. ಸೈಕಲ್ ಸವಾರರು ಬಿದ್ದರು, ಅವರ ಕಾಲರ್ ಬೋನ್ ಮುರಿಯಿತು. ಕಾರನ್ನು ಓಡಿಸುತ್ತಿದ್ದವನು ನನ್ನ ತಮ್ಮನ ಮಗ. ನಾನು ಅವನ ಪಕ್ಕದಲ್ಲಿ, ಎಡಗಡೆಯ ಸೀಟಿನಲ್ಲಿ, ಅಂದರೆ ತಾಗಿದ ಕನ್ನಡಿಗೆ ಒಂದು ಮೊಳ ದೂರದಲ್ಲಿ ಕುಳಿತಿದ್ದೆ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ, ಕಣ್ಣೆದುರೇ ನಡೆದದ್ದನ್ನು ಸರಿಯಾಗಿ ನೋಡಲಿಲ್ಲವೆಂಬುದು ತಿಳಿದದ್ದು ಮೂರು ದಿನಗಳ ನಂತರ, ಅದೇ ಸ್ಥಳಕ್ಕೆ ಅಳತೆ ಪಟ್ಟಿ ಹಿಡಿದು ಹೋದಾಗ. ಗಾಯಗೊಂಡವರ ಮತ್ತು ನನ್ನ ತಮ್ಮನ ಮಗನ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಆ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ನಡೆದದ್ದು

ಹರಿಹರದಲ್ಲಿ ಸಂಬಂಧಿಕರ ಮನೆಯ ಕಾರ್ಯ ಮುಗಿಸಿ, ರಾತ್ರಿ ಅಲ್ಲಿಯೇ ತಂಗಿ, ಬೆಳಿಗ್ಗೆ ಹೊರಟು ಊರೊಳಗೆ ಬರುತ್ತಿದ್ದೆವು. ಹೊಸ ಹೆದ್ದಾರಿ ಊರ ಹೊರಗೆ ಹೋದ ಮೇಲೂ ಹಳೆಯ ಪುಣೆ–ಬೆಂಗಳೂರು ರಸ್ತೆಯೇ ದಾವಣಗೆರೆಯ ಬೆನ್ನೆಲುಬಾಗಿ ಉಳಿದಿರುವುದು ಇಲ್ಲಿಯವರಿಗೆಲ್ಲ ಗೊತ್ತು. ಬಸ್ಸು, ಲಾರಿ, ಶಾಲಾ ವಾಹನ, ಹೂವಿನ ಬುಟ್ಟಿ ಕಟ್ಟಿದ ಮೊಪೆಡ್, ಹಾಲಿನ ಕ್ಯಾನು, ಎಲ್ಲವೂ ಅದೇ ರಸ್ತೆಯಲ್ಲಿ ಹೋಗಬೇಕು. ನಡುವೆ ವಿಭಜಕವಿದೆ. ಸೂರ್ಯ ಆಗತಾನೇ ಮೇಲೇರಿದ್ದ. ಹರಿಹರದ ಕಡೆಯಿಂದ ಬರುವವರಿಗೆ ಆ ಹೊತ್ತಿನಲ್ಲಿ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ.

ಸೈಕಲ್ ಸವಾರರಿಗೆ ಆಗ ಐವತ್ತನಾಲ್ಕು ವರ್ಷ. ಮಂಡಕ್ಕಿ ಭಟ್ಟಿಯಿಂದ ಚೀಲಗಳನ್ನು ತುಂಬಿಕೊಂಡು ಬೆಳಿಗ್ಗೆ ಒಂಬತ್ತರೊಳಗೆ ಏಳೆಂಟು ಅಂಗಡಿಗಳಿಗೆ ಮುಟ್ಟಿಸುವುದು ಅವರ ಇಪ್ಪತ್ತು ವರ್ಷಗಳ ಕೆಲಸ. ದಾವಣಗೆರೆಯ ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿಯ ಹಿಂದೆ ಇಂಥ ಬೆಳಗಿನ ಸೈಕಲ್ಲುಗಳಿವೆ. ಮಂಡಕ್ಕಿ ಹಗುರ, ಆದರೆ ಚೀಲ ದೊಡ್ಡದು. ಕ್ಯಾರಿಯರ್ ಮೇಲೆ ಒಂದು, ಹಿಂದಿನ ಚಕ್ರದ ಎರಡು ಬದಿಗೆ ಒಂದೊಂದು ಕಟ್ಟಿದರೆ ಹಿಂದಿನಿಂದ ನೋಡುವವರಿಗೆ ಸವಾರರ ತಲೆ ಮಾತ್ರ ಕಾಣುತ್ತದೆ. ಆ ದಿನ ಸೈಕಲ್ಲಿನ ಹೊರೆ ಅಡ್ಡಗಲವಾಗಿ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಇತ್ತು. ಇದನ್ನು ನಾನು ನಂತರ ಅವರ ಮನೆಯಂಗಳದಲ್ಲಿ ಅದೇ ರೀತಿ ಚೀಲ ಕಟ್ಟಿಸಿ ಅಳೆದೆ.

ಸೈಕಲ್ ರಸ್ತೆಯ ಎಡ ಅಂಚಿನಲ್ಲಿ ಹೋಗುತ್ತಿತ್ತು. ಅದರ ಮುಂದೆ, ಅಂಗಡಿಯೊಂದಕ್ಕೆ ಸಾಮಾನು ಇಳಿಸುತ್ತಿದ್ದ ಎರಡು ಗೂಡ್ಸ್ ಆಟೋಗಳು ಮತ್ತು ಒಂದು ತಳ್ಳುಗಾಡಿ ಸಾಲಾಗಿ ನಿಂತಿದ್ದವು. ನಮ್ಮ ಬಲಕ್ಕೆ ಒಂದು ಬಸ್ಸು ನಮ್ಮಷ್ಟೇ ವೇಗದಲ್ಲಿ ಬರುತ್ತಿತ್ತು. ನಮ್ಮ ಕಾರಿನ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್. ತಮ್ಮನ ಮಗ ಎರಡು ಬಾರಿ ಹಾರನ್ ಹೊಡೆದ. ಸೈಕಲ್ ಮೊದಲ ಆಟೋದ ಹಿಂಬದಿಗೆ ಬಂದಾಗ ಬಲಕ್ಕೆ ಹೊರಳಿತು. ಕನ್ನಡಿ ಬಲಬದಿಯ ಚೀಲಕ್ಕೆ ತಾಗಿದ ಸದ್ದು ಬಟ್ಟೆ ಹರಿದ ಸದ್ದಿನಂತಿತ್ತು. ಹ್ಯಾಂಡಲ್ ತಿರುಚಿ ಅವರು ಎಡಕ್ಕೆ, ಆಟೋದ ಮೂಲೆಗೆ ಭುಜ ಕೊಟ್ಟು ಬಿದ್ದರು. ಬಲಕ್ಕೆ ಬಿದ್ದಿದ್ದರೆ ನಮ್ಮ ಹಿಂದಿನ ಚಕ್ರದ ಕೆಳಗೆ ಬೀಳುತ್ತಿದ್ದರು. ಹತ್ತು ಹನ್ನೆರಡು ಅಡಿಗಳಷ್ಟು ರಸ್ತೆ ಮಂಡಕ್ಕಿಯಿಂದ ಬೆಳ್ಳಗಾಯಿತು.

ನಾವು ಇಳಿದು ಹತ್ತಿರ ಹೋದಾಗ ಅವರು ಹೇಳಿದ ಮೊದಲ ಮಾತು ನೋವಿನದಲ್ಲ. "ಸಾಹೇಬ್ರೆ, ಆ ಚೀಲದ ಬಾಯಿ ಮುಚ್ರಿ, ಗಾಳಿಗೆ ಹೋಗ್ತವೆ."

"ಅಡ್ಡ ಬಂದ" ಎಂಬ ಮಾತು

ಐದು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಒಬ್ಬರು ನೀರು ತಂದರು, ಇನ್ನೊಬ್ಬರು ಸೈಕಲ್ ಎತ್ತಿ ಗೋಡೆಗೆ ಒರಗಿಸಿದರು. ಆದರೆ ತೀರ್ಪು ಮಾತ್ರ ಆಗಲೇ ಸಿದ್ಧವಾಗಿತ್ತು. "ಸೈಕಲ್‌ನೋರೇ ಅಡ್ಡ ಬಂದ್ರು, ಪಾಪ ಕಾರ್‌ನೋರು ಏನ್ ಮಾಡ್ತಾರೆ." "ಹೋಗ್ಲಿ ಬಿಡ್ರಿ, ಔಷಧಕ್ಕೆ ಏನೋ ಕೊಟ್ಟು ಕಳಿಸ್ರಿ." ತಮ್ಮನ ಮಗ ನನ್ನ ಕಡೆ ತಿರುಗಿ, "ದೊಡ್ಡಪ್ಪ, ನೀವೂ ನೋಡಿದ್ರಲ್ಲ, ಒಮ್ಮೆಗೇ ಅಡ್ಡ ಬಂದ್ರು" ಎಂದ. ನಾನು ಹೌದೆಂದೆ. ಬಿದ್ದವರೂ ತಲೆಯಾಡಿಸಿದರು. ಆ ತಲೆಯಾಟ ಇಂದಿಗೂ ನನ್ನ ಕಣ್ಣ ಮುಂದಿದೆ.

ನಮ್ಮ ಭಾಷೆಯಲ್ಲಿ ಬೆಕ್ಕು ಅಡ್ಡ ಬರುತ್ತದೆ, ದನ ಅಡ್ಡ ಬರುತ್ತದೆ. ಅಡ್ಡ ಬರುವುದೆಂದರೆ ದಾರಿ ನನ್ನದು, ಬಂದದ್ದು ಪರರದು ಎಂದು ಮೊದಲೇ ಒಪ್ಪಿಕೊಂಡಂತೆ. ನಮ್ಮ ಮುಂದೆ, ನಮ್ಮದೇ ದಿಕ್ಕಿನಲ್ಲಿ, ನಮಗಿಂತ ಮೊದಲು ಆ ರಸ್ತೆಯಲ್ಲಿ ಹೋಗುತ್ತಿದ್ದವರು ನಮಗೆ ಅಡ್ಡ ಬಂದರೆಂದು ಹೇಳುವುದು ಹೇಗೆ ಸಾಧ್ಯ? ಈ ಪ್ರಶ್ನೆ ಆ ಇಪ್ಪತ್ತು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಇಡೀ ಪ್ರಕರಣ ನಿಂತಿರುವುದು ಈ ಒಂದು ಮಾತಿನ ಮೇಲೆ ಎಂದು ನನ್ನ ತಿಳುವಳಿಕೆ. ಆದ್ದರಿಂದಲೇ ಮುಂದಿನ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ಕೊಡುತ್ತೇನೆ.

ಅಳತೆ ಹೇಳಿದ್ದು

ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ವಾಹನಗಳು ಕಡಿಮೆ ಇರುವಾಗ, ತಮ್ಮನ ಮಗನನ್ನೇ ಕರೆದುಕೊಂಡು ಹೋದೆ. ಆ ಭಾಗದಲ್ಲಿ ವಿಭಜಕದಿಂದ ರಸ್ತೆಯ ಎಡ ಅಂಚಿನವರೆಗೆ ಏಳೂವರೆ ಮೀಟರ್ ಅಗಲವಿದೆ. ಅದೇ ಜಾಗದಲ್ಲಿ ಆ ದಿನವೂ ಒಂದು ಗೂಡ್ಸ್ ಆಟೋ ನಿಂತಿತ್ತು. ಅಂಚಿನಿಂದ ಅದರ ಬಲಬದಿಗೆ ಒಂದು ಮೀಟರ್ ತೊಂಬತ್ತು ಸೆಂಟಿಮೀಟರ್. ಬಸ್ಸಿನ ಅಗಲ ಎರಡೂವರೆ ಮೀಟರ್. ವಿಭಜಕದಿಂದ ಎರಡು ಅಡಿ ಬಿಟ್ಟು ಅದು ಸಾಗುತ್ತಿತ್ತೆಂದು ಹಿಡಿದರೆ, ಬಲಗಡೆಯಿಂದ ಮೂರು ಮೀಟರ್ ಹತ್ತು ಸೆಂಟಿಮೀಟರ್ ಅದರ ಪಾಲಾಯಿತು. ಆಟೋ ಮತ್ತು ಬಸ್ಸಿನ ನಡುವೆ ಉಳಿದದ್ದು ಎರಡೂವರೆ ಮೀಟರ್.

ನಮ್ಮ ಕಾರು ಎರಡೂ ಕನ್ನಡಿಗಳನ್ನು ಸೇರಿಸಿದರೆ ಒಂದು ಮೀಟರ್ ತೊಂಬತ್ತು ಸೆಂಟಿಮೀಟರ್ ಅಗಲ. ಸೈಕಲ್ ಮತ್ತು ಚೀಲಗಳು ಒಂದು ಮೀಟರ್ ಇಪ್ಪತ್ತು. ಎರಡೂ ಸೇರಿ ಮೂರು ಮೀಟರ್ ಹತ್ತು. ಮಧ್ಯೆ ಒಂದು ಬೆರಳಿನ ಅಂತರವನ್ನೂ ಬಿಡದಿದ್ದರೂ, ಮೂರು ಮೀಟರ್ ಹತ್ತನ್ನು ಎರಡೂವರೆ ಮೀಟರ್‌ನಲ್ಲಿ ತೂರಿಸಲು ಬರುವುದಿಲ್ಲ. ಇಬ್ಬರಲ್ಲಿ ಒಬ್ಬರು ಕಾಯಲೇಬೇಕಿತ್ತು. ಸೈಕಲ್ ಸವಾರರು ಒಮ್ಮೆಗೇ ಹೊರಳಿದರೋ ನಿಧಾನಕ್ಕೆ ಹೊರಳಿದರೋ ಎಂಬುದು ಎರಡನೆಯ ಪ್ರಶ್ನೆ. ಕಾಯಬೇಕಾದವರು ಯಾರು ಎಂಬುದೇ ಮೊದಲನೆಯದು.

"ಅವರು ಆಟೋ ಹಿಂದೆ ನಿಂತ್ಕೋತಾರೆ ಅಂದ್ಕೊಂಡೆ, ದೊಡ್ಡಪ್ಪ." ತಮ್ಮನ ಮಗ ಹೇಳಿದ ಈ ಮಾತು ನೂರಕ್ಕೆ ನೂರು ಪ್ರಾಮಾಣಿಕವಾದದ್ದು. ಅವನು ದುಡುಕಿನ ಚಾಲಕನಲ್ಲ. ಆ ಬೆಳಿಗ್ಗೆ ಅವನು ಕುಡಿದಿರಲಿಲ್ಲ, ಮೊಬೈಲ್ ನೋಡುತ್ತಿರಲಿಲ್ಲ, ಅತಿವೇಗದಲ್ಲಿ ಇರಲಿಲ್ಲ. ಸೈಕಲ್‌ನವರು ನಿಲ್ಲುತ್ತಾರೆ ಎಂಬ ಒಂದು ನಂಬಿಕೆ ಮಾತ್ರ ಅವನಲ್ಲಿ ಇತ್ತು, ಮತ್ತು ಅದು ನಮ್ಮ ಊರಿನ ಪ್ರತಿಯೊಬ್ಬ ಚಾಲಕನಲ್ಲಿಯೂ ಇದೆ. ಹಾರನ್ ಹೊಡೆದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ: ನಾನು ಹೇಳಿಯಾಯಿತು, ಇನ್ನು ಅವರ ಜವಾಬ್ದಾರಿ.

ಸಮಯದ ಲೆಕ್ಕವನ್ನೂ ಮಾಡಿದೆ. ಸೈಕಲ್ ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿತ್ತೆಂದರೆ ಕಾರು ಅದಕ್ಕಿಂತ 28 ಕಿಲೋಮೀಟರ್ ಹೆಚ್ಚು ವೇಗದಲ್ಲಿ, ಎಂದರೆ ಸೆಕೆಂಡಿಗೆ ಎಂಟು ಮೀಟರಿಗೆ ಸ್ವಲ್ಪ ಕಡಿಮೆ, ಅದರ ಹತ್ತಿರ ಬರುತ್ತಿತ್ತು. ಅರವತ್ತು ಮೀಟರ್ ದೂರದಿಂದಲೇ ನಮಗೆ ಸೈಕಲ್ ಕಾಣುತ್ತಿತ್ತು, ಅದರ ಮುಂದಿನ ಆಟೋ ಕೂಡ ಕಾಣುತ್ತಿತ್ತು. ಹಾಗಾದರೆ ಏಳು ಸೆಕೆಂಡಿಗಿಂತ ಹೆಚ್ಚು ಕಾಲ ನಾವಿಬ್ಬರೂ ಆ ಎರಡನ್ನೂ ಒಟ್ಟಿಗೆ ನೋಡುತ್ತ ಇದ್ದೆವು. 40 ಕಿಲೋಮೀಟರ್ ವೇಗದ ಕಾರು, ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವ ಒಂದು ಸೆಕೆಂಡನ್ನು ಸೇರಿಸಿಕೊಂಡರೂ, ಒಣ ರಸ್ತೆಯಲ್ಲಿ ಸುಮಾರು ಇಪ್ಪತ್ತು ಮೀಟರಿನಲ್ಲಿ ನಿಲ್ಲುತ್ತದೆ. "ಒಮ್ಮೆಗೇ" ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂಬುದು ನಿಜ, ಆದರೆ ಅದು ವೇಗ ತಗ್ಗಿಸಲು ಇದ್ದ ಇನ್ನೊಂದು ಕಾರಣವೇ ಹೊರತು ತಗ್ಗಿಸದಿದ್ದಕ್ಕೆ ಸಮಾಧಾನವಲ್ಲ.

ಎರಡು ಆಟೋ ಮತ್ತು ತಳ್ಳುಗಾಡಿಯ ಸಾಲು ಹನ್ನೆರಡು ಮೀಟರ್. ಸೈಕಲ್ ಅದನ್ನು ದಾಟಲು ನಾಲ್ಕು ಸೆಕೆಂಡು ಸಾಕು. ನಾವು ಅದರ ಹಿಂದೆ ನಿಧಾನಿಸಿ, ಅದು ಮತ್ತೆ ಎಡಕ್ಕೆ ಸರಿದ ಮೇಲೆ ಮುಂದೆ ಹೋಗಿದ್ದರೆ ನಮಗೆ ಆಗುತ್ತಿದ್ದ ತಡ, ವೇಗ ಇಳಿಸಿ ಏರಿಸುವುದನ್ನೂ ಸೇರಿಸಿ, ಹೆಚ್ಚೆಂದರೆ ಆರೇಳು ಸೆಕೆಂಡು. ಮನೆಗೆ ಹೋಗಿ ಕಾಫಿ ಕುಡಿಯುವುದನ್ನು ಬಿಟ್ಟರೆ ಆ ಬೆಳಿಗ್ಗೆ ನಮಗೆ ಬೇರೆ ಕೆಲಸವೂ ಇರಲಿಲ್ಲ.

ಸೈಕಲ್ಲಿನ ಮೇಲಿಂದ

ಅವರ ಮನೆಗೆ ಎರಡನೆಯ ಬಾರಿ ಹೋದಾಗ ಕೇಳಿದೆ, ಆಟೋದ ಹಿಂದೆ ಯಾಕೆ ನಿಲ್ಲಲಿಲ್ಲ ಎಂದು. ಕೈಯನ್ನು ಜೋಳಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಂತ್ರೆ ಯಾರು ಬಿಡ್ತಾರೆ, ಮೇಷ್ಟ್ರೆ? ಒಂದು ಸಲ ನಿಂತ್ರೆ ಹತ್ತು ಗಾಡಿ ಹೋಗ್ತವೆ. ಹತ್ತು ಹೋದ ಮ್ಯಾಲೆ ಇನ್ನೂ ಹತ್ತು ಬರ್ತವೆ. ಭಟ್ಟಿಯಿಂದ ಅಂಗಡಿ ಮುಟ್ಟೋದ್ರೊಳಗೆ ಇಂಥವು ಮೂವತ್ತು ನಲವತ್ತು ಸಿಗ್ತವೆ. ಎಲ್ಲಾ ಕಡೆ ನಿಂತ್ಕೊಂತ ಹೋದ್ರೆ ಮಧ್ಯಾಹ್ನ ಆಗತೈತಿ."

ಅವರ ಈ ಲೆಕ್ಕವೂ ಸರಿಯಾಗಿದೆ. ಹೊರೆ ಕಟ್ಟಿದ ಸೈಕಲ್ಲನ್ನು ನಿಲ್ಲಿಸಿ ಮತ್ತೆ ತುಳಿದು ಚಲನೆಗೆ ತರುವಾಗಲೇ ಅದು ಅತಿ ಹೆಚ್ಚು ಓಲಾಡುತ್ತದೆ. ಸೈಕಲ್ ನೆಟ್ಟಗೆ ನಿಲ್ಲುವುದು ಅದು ಚಲಿಸುವಾಗ ಮಾತ್ರ, ಮತ್ತು ಸವಾರ ಪ್ರತಿ ಕ್ಷಣವೂ ಹ್ಯಾಂಡಲ್ಲನ್ನು ಅತ್ತಿತ್ತ ತಿದ್ದುತ್ತ ಇರುವುದರಿಂದ. ವೇಗ ಕಡಿಮೆಯಾದಷ್ಟೂ ಆ ತಿದ್ದುವಿಕೆ ದೊಡ್ಡದಾಗುತ್ತದೆ. ಆದುದರಿಂದ ಸೈಕಲ್‌ಗೆ ಬೇಕಾದ ಅಗಲವೆಂದರೆ ಅದರ ಹ್ಯಾಂಡಲ್ಲಿನ ಅಗಲ ಮಾತ್ರವಲ್ಲ. ಎರಡು ಬದಿಗೂ ಓಲಾಟದ ಒಂದೊಂದು ಗೇಣು, ನಿಂತ ವಾಹನದಿಂದ ಯಾರಾದರೂ ಇಳಿದಾರೆಂಬ ಅಂಜಿಕೆಯ ಎರಡು ಅಡಿ, ಇವೂ ಅದರದೇ. ಕಾರಿನಲ್ಲಿ ಕುಳಿತವರಿಗೆ ಈ ಅಗಲ ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಚೀಲ ಕಟ್ಟಿದ ಆ ಸೈಕಲ್ಲನ್ನು ಹತ್ತಿ ಕುಳಿತಾಗ ಮಾತ್ರ ತಿಳಿದುಕೊಂಡೆ. ತಲೆ ತಿರುಗಿಸಿ ಹಿಂದೆ ನೋಡಿದರೆ ಕಾಣುವುದು ಚೀಲವೇ, ರಸ್ತೆಯಲ್ಲ. ಕೈ ಚಾಚಿ ಸೂಚನೆ ಕೊಡೋಣವೆಂದರೆ, ಗಾಳಿಗೆ ಸಿಕ್ಕಿ ಪಟದಂತೆ ವಾಲುವ ಹೊರೆಯನ್ನು ಒಂದೇ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಉಳಿದದ್ದು ಕಿವಿ. ಆದರೆ ಪಿ.ಬಿ. ರಸ್ತೆಯಲ್ಲಿ ಹಾರನ್ ಯಾವಾಗಲೂ ಕೇಳುತ್ತಲೇ ಇರುತ್ತದೆ; ನಮ್ಮ ಎರಡು ಹಾರನ್‌ಗಳಲ್ಲಿ "ನಾನು ಬರುತ್ತಿದ್ದೇನೆ, ನೀವು ನಿಲ್ಲಿ" ಎಂಬ ಅರ್ಥವನ್ನು ತಮ್ಮನ ಮಗ ಇಟ್ಟಿದ್ದ, ಅವರಿಗೆ ಅದು ಬಸ್ಸಿನದೋ ಬೈಕಿನದೋ ಎಂಬುದೂ ತಿಳಿಯಲಿಲ್ಲ.

ಹೀಗೆಂದ ಮಾತ್ರಕ್ಕೆ ಅವರ ಕಡೆಯಿಂದ ಏನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಅವರು ಆಟೋದ ಬಳಿಗೆ ಬಂದ ಮೇಲೆ ಹೊರಳಿದರು; ಇಪ್ಪತ್ತು ಮೂವತ್ತು ಮೀಟರ್ ಹಿಂದಿನಿಂದಲೇ ಓರೆಯಾಗಿ ನಿಧಾನಕ್ಕೆ ಬಲಕ್ಕೆ ಬರುತ್ತಿದ್ದರೆ ಅವರ ಉದ್ದೇಶ ನಮಗೆ ಸ್ಪಷ್ಟವಾಗುತ್ತಿತ್ತು. ಹಿಂದೆ ನೋಡಲು ಬಾರದಂತೆ ಹೊರೆ ಕಟ್ಟಿದವರು ಕನ್ನಡಿ ಹಾಕಿಕೊಳ್ಳಬೇಕಿತ್ತು. ಹಿಂದಿನ ಪ್ರತಿಫಲಕ ಚೀಲದ ಕೆಳಗೆ ಮುಚ್ಚಿಹೋಗಿತ್ತು. ಹಗಲಾದ್ದರಿಂದ ಆ ದಿನ ಅದು ಮುಖ್ಯವಾಗಲಿಲ್ಲ, ಆದರೆ ಅವರು ಭಟ್ಟಿಯಿಂದ ಹೊರಟಾಗ ಇನ್ನೂ ಕತ್ತಲಿತ್ತು. ಇದನ್ನೆಲ್ಲ ಅವರಿಗೆ ಯಾರೂ ಎಂದೂ ಹೇಳಿಕೊಟ್ಟಿರಲಿಲ್ಲ. ಸೈಕಲ್‌ಗೆ ಪರವಾನಗಿ ಬೇಡ, ಆದ್ದರಿಂದ ಪರೀಕ್ಷೆಯೂ ಇಲ್ಲ, ಪಾಠವೂ ಇಲ್ಲ. ನಮ್ಮ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಅದು ಒಳ್ಳೆಯ ಯೋಜನೆ. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲ್ ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಆದರೆ ನನ್ನ ಶಾಲೆಯಲ್ಲಿ ಆ ಸೈಕಲ್ಲುಗಳನ್ನು ಹಂಚಿದ ವರ್ಷಗಳಲ್ಲಿ, ನಿಂತ ವಾಹನವನ್ನು ಹೇಗೆ ದಾಟಬೇಕೆಂದು ನಾನಾಗಲಿ ನನ್ನ ಸಹೋದ್ಯೋಗಿಗಳಾಗಲಿ ಒಂದು ತಾಸನ್ನೂ ಮೀಸಲಿಡಲಿಲ್ಲ.

ಕಾನೂನಿನ ಮಾತು

ಸೈಕಲ್ 1988ರ ಮೋಟಾರು ವಾಹನ ಕಾಯ್ದೆಯ ಅರ್ಥದಲ್ಲಿ ಮೋಟಾರು ವಾಹನವಲ್ಲ. ಇದನ್ನು ಹಿಡಿದುಕೊಂಡು, ಸೈಕಲ್‌ನವರಿಗೆ ರಸ್ತೆಯಲ್ಲಿ ಹಕ್ಕಿಲ್ಲ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅದು ತಪ್ಪು ತಿಳುವಳಿಕೆ. ಯಂತ್ರವಿರುವ ವಾಹನದಿಂದ ಇತರರಿಗೆ ಅಪಾಯವಿರುವುದರಿಂದಲೇ ಆ ಕಾಯ್ದೆ ಪರವಾನಗಿ, ನೋಂದಣಿ, ವಿಮೆಗಳನ್ನು ಅದರ ಮೇಲೆ ಹೊರಿಸಿದೆ. ಪರವಾನಗಿ ಇರುವುದು ಹೆಚ್ಚಿನ ಹೊಣೆಯ ಗುರುತೇ ಹೊರತು ಹೆಚ್ಚಿನ ಹಕ್ಕಿನದಲ್ಲ. 1989ರ ಹಳೆಯ ರಸ್ತೆ ನಿಯಮಗಳ ಜಾಗದಲ್ಲಿ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯು, ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮತ್ತು ಅಂಗವಿಕಲರ ಸುರಕ್ಷತೆಗೆ ಚಾಲಕ ವಿಶೇಷ ಎಚ್ಚರ ವಹಿಸಬೇಕೆನ್ನುತ್ತದೆ. ಮುಂದಿನ ವಾಹನವನ್ನು ದಾಟಿಹೋಗುವಾಗ ಇತರರಿಂದ, ಅದರಲ್ಲಿಯೂ ಪಾದಚಾರಿ ಮತ್ತು ಸೈಕಲ್ ಸವಾರರಿಂದ, ಸಾಕಷ್ಟು ಪಕ್ಕದ ಅಂತರ ಬಿಡಬೇಕೆನ್ನುತ್ತದೆ. ಕಾಯಬೇಕಾದವರು ಯಾರು ಎಂಬ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ದಾಟುತ್ತಿದ್ದವರು ನಾವು, ಜಾಗ ಸಾಲದಿದ್ದರೆ ದಾಟುವುದನ್ನು ಮುಂದೂಡಬೇಕಾದವರೂ ನಾವೇ.

"ಸಾಕಷ್ಟು" ಎಂದರೆ ಎಷ್ಟು ಎಂಬುದನ್ನು ನಮ್ಮ ನಿಯಮ ಸಂಖ್ಯೆಯಲ್ಲಿ ಹೇಳುವುದಿಲ್ಲ. ಫ್ರಾನ್ಸ್ ಊರೊಳಗೆ ಒಂದು ಮೀಟರ್, ಊರ ಹೊರಗೆ ಒಂದೂವರೆ ಮೀಟರ್ ಎಂದಿದೆ; ಜರ್ಮನಿ 2020ರಿಂದ ಊರೊಳಗೆ ಒಂದೂವರೆ, ಹೊರಗೆ ಎರಡು ಮೀಟರ್ ಎಂದಿದೆ. ಆ ದೇಶಗಳ ರಸ್ತೆಗಳನ್ನು ನಮ್ಮದರೊಂದಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಸಂಖ್ಯೆಯಿದ್ದರೆ ಚಾಲಕನಿಗೆ ಮನಸ್ಸಿನಲ್ಲಿ ಅಳೆಯಲು ಒಂದು ಕೋಲು ಸಿಗುತ್ತದೆ ಎಂಬುದಷ್ಟೇ ನನ್ನ ಮಾತು. ಕಾರಿನ ಬಾಗಿಲನ್ನು ಪೂರ್ತಿ ತೆರೆದರೆ ಎಷ್ಟು ಹೊರಚಾಚುತ್ತದೆಯೋ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದು ನಾನು ತಮ್ಮನ ಮಗನಿಗೆ ಹೇಳಿದೆ. ಅವನು ಈಗ ಅದನ್ನೇ ಹಿಡಿದುಕೊಂಡಿದ್ದಾನೆ.

ಅಪಘಾತದ ನಂತರದ ಕರ್ತವ್ಯಗಳು ಕಾಯ್ದೆಯ 134ನೆಯ ಕಲಮಿನಲ್ಲಿವೆ: ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಠಾಣೆಗೆ ತಿಳಿಸಬೇಕು. ಆಸ್ಪತ್ರೆಗೆ ನಾವೇ ಕರೆದೊಯ್ದೆವು. ಠಾಣೆಯ ವಿಷಯದಲ್ಲಿ ಮನೆಯೊಳಗೆ ದೊಡ್ಡ ಚರ್ಚೆಯಾಯಿತು. ತಮ್ಮ, ತಮ್ಮನ ಹೆಂಡತಿ ಇಬ್ಬರೂ, "ಹತ್ತು ಸಾವಿರ ಕೊಟ್ಟು ಮುಗಿಸೋಣ, ಅವರೂ ಒಪ್ಪಿದ್ದಾರಲ್ಲ" ಎಂದರು. ಗಾಯಗೊಂಡವರು ನಿಜವಾಗಿಯೂ ಒಪ್ಪಿದ್ದರು. ಆದರೆ ಮೂರು ತಿಂಗಳು ಹೊರೆ ಎತ್ತಬಾರದೆಂದು ವೈದ್ಯರು ಹೇಳಿದ್ದು ಅವರ ಒಪ್ಪಿಗೆಯ ನಂತರ. ದಿನದ ದುಡಿಮೆಯನ್ನೇ ನಂಬಿದ ಮನೆಗೆ ಮೂರು ತಿಂಗಳೆಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿದರೆ ಹತ್ತು ಸಾವಿರದ ರಾಜಿ ರಾಜಿಯಲ್ಲ.

ಇಲ್ಲಿ ಕಾರು ಇರುವ ಅನೇಕರಿಗೆ ಗೊತ್ತಿಲ್ಲದ ಎರಡು ಸಂಗತಿಗಳನ್ನು ಹೇಳಬೇಕು. ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದೇ ಇಂಥ ದಿನಕ್ಕಾಗಿ. ಹೊರಗಿನವರಿಗಾದ ಗಾಯಕ್ಕೆ ವಿಮಾ ಕಂಪನಿ ಪರಿಹಾರ ಕೊಟ್ಟರೆ ನಮ್ಮ ಕಾರಿನ ದುರಸ್ತಿಗೆ ಸಂಬಂಧಿಸಿದ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಹಣ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುವುದಿಲ್ಲ. ತಮ್ಮನಿಗೆ ಇದ್ದ ಮುಖ್ಯ ಅಂಜಿಕೆ ಇದೇ ಆಗಿತ್ತು. ಎರಡನೆಯದು, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 164ನೆಯ ಕಲಮು. ಅದರಂತೆ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಕೇಳಬಹುದು. ಮೂಳೆ ಮುರಿತವನ್ನು ಕಾನೂನು ತೀವ್ರ ಗಾಯವೆಂದೇ ಎಣಿಸುತ್ತದೆ. "ಅಡ್ಡ ಬಂದ್ರೋ ಇಲ್ವೋ" ಎಂದು ರಸ್ತೆಯಲ್ಲಿ ನಿಂತು ಇಪ್ಪತ್ತು ಜನ ವಾದಿಸಿದ್ದು ಗಾಯಗೊಂಡವರ ಪರಿಹಾರಕ್ಕೆ ಬೇಕಿರದ ವಾದವಾಗಿತ್ತು.

ದೂರು ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೆಯ ಕಲಮುಗಳು, ಎಂದರೆ ಅಜಾಗರೂಕ ಚಾಲನೆ ಮತ್ತು ಇತರರ ಜೀವಕ್ಕೆ ಅಪಾಯ ತರುವ ಕೃತ್ಯದಿಂದಾದ ಗಾಯ. ಮೊದಲ ದಿನ ನಾನು ಕೊಟ್ಟ ಹೇಳಿಕೆಯಲ್ಲಿ "ಸೈಕಲ್ ಸವಾರರು ಒಮ್ಮೆಲೇ ಅಡ್ಡ ಬಂದರು" ಎಂಬ ವಾಕ್ಯವಿತ್ತು. ಅಳತೆಯ ನಂತರ ಮತ್ತೆ ಠಾಣೆಗೆ ಹೋಗಿ, ಆ ವಾಕ್ಯವನ್ನು ಹಿಂದಕ್ಕೆ ಪಡೆಯುತ್ತೇನೆಂದೂ ನಡೆದದ್ದನ್ನು ಅಳತೆಯೊಂದಿಗೆ ಹೇಳುತ್ತೇನೆಂದೂ ಕೇಳಿದೆ. ಅಲ್ಲಿದ್ದ ಅಧಿಕಾರಿ ನಾನು ಬರೆದಿದ್ದ ಅಳತೆಯ ಚಿತ್ರವನ್ನು ಸಾವಧಾನವಾಗಿ ನೋಡಿ, ಹೊಸ ಹೇಳಿಕೆ ಬರೆದುಕೊಂಡರು. ಮನೆಯಲ್ಲಿ ಕೆಲವು ದಿನ ಮಾತು ಕಡಿಮೆಯಾಯಿತು. ನನ್ನ ಪರವಾಗಿ ನಿಂತವನು ತಮ್ಮನ ಮಗನೇ. ಅಳತೆ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದಿದ್ದವನು ಅವನಲ್ಲವೇ.

ಪರಿಹಾರದ ಅರ್ಜಿ ಅಪಘಾತ ನಡೆದ ಆರು ತಿಂಗಳೊಳಗೆ ಸಲ್ಲಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ವಕೀಲರೊಬ್ಬರ ನೆರವಿನಿಂದ ಅವಧಿಯೊಳಗೇ ಸಲ್ಲಿತು, ಮುಂದಿನ ವರ್ಷ ಲೋಕ ಅದಾಲತ್‌ನಲ್ಲಿ ಇತ್ಯರ್ಥವಾಯಿತು. ಚಿಕಿತ್ಸೆಯ ಖರ್ಚನ್ನು ಮೊದಲು ನಾವೇ ಕೊಟ್ಟಿದ್ದೆವು. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ಇದು ಸೈಕಲ್ ಸವಾರರಿಗೂ ಅನ್ವಯಿಸುತ್ತದೆ ಎಂಬುದನ್ನು ಭಟ್ಟಿಯ ಕಡೆಯ ಎಲ್ಲರಿಗೂ ತಿಳಿಸುವಂತೆ ಅವರಿಗೆ ಹೇಳಿದ್ದೇನೆ.

ಮೂರನೆಯವರು

ಈ ಪ್ರಕರಣದಲ್ಲಿ ಯಾವ ಕಾಗದದಲ್ಲಿಯೂ ಹೆಸರು ಬರದ ಒಬ್ಬರಿದ್ದಾರೆ. ಜನ ಸೇರಿ ನೀರು ಕುಡಿಸುತ್ತಿದ್ದಾಗ ಮುಂದಿನ ಗೂಡ್ಸ್ ಆಟೋ ಸಾಮಾನು ಇಳಿಸಿ ಮುಗಿಸಿ ಹೊರಟುಹೋಯಿತು. ಹಿಂದಿನದು ಕೂಡ ಹತ್ತು ನಿಮಿಷದಲ್ಲಿ ಹೋಯಿತು. ಅವುಗಳ ನೋಂದಣಿ ಸಂಖ್ಯೆಯನ್ನು ನಾನೂ ಬರೆದುಕೊಳ್ಳಲಿಲ್ಲ. ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ವಾಹನ ನಿಲ್ಲಿಸಬಾರದೆಂದು ಕಾಯ್ದೆಯ 122ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೂ ನಿಂತ ವಾಹನವನ್ನು ನಾವು ಕಲ್ಲಿನಂತೆ, ಮರದಂತೆ, ರಸ್ತೆಯ ಸಹಜ ಭಾಗವೆಂದು ಕಾಣುತ್ತೇವೆ; ಅದನ್ನು ಬಳಸಿ ಹೋಗುವ ಸೈಕಲ್ ಮಾತ್ರ ಅಡ್ಡ ಬಂದದ್ದಾಗುತ್ತದೆ. ನನ್ನ ಮಟ್ಟಿಗೆ ಆ ದಿನದ ಮೊದಲ ತಪ್ಪು ಆ ಆಟೋ ನಿಂತ ಜಾಗ. ಆಟೋದವರನ್ನಷ್ಟೇ ದೂರಿದರೂ ಆಗದು: ಅಂಗಡಿಗೆ ಸಾಮಾನು ಬರಲೇಬೇಕು, ಇಳಿಸಲು ಬೇರೆ ಜಾಗವನ್ನು ಯಾರೂ ಗುರುತಿಸಿ ಕೊಟ್ಟಿಲ್ಲ.

ಸೈಕಲ್ ಪಥ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಅನೇಕರು ಹೇಳಿದರು. ಸೈಕಲ್ ಪಥಕ್ಕೆ ಸುಮಾರು ಎರಡು ಮೀಟರ್ ಅಗಲವಾದರೂ ಬೇಕು. ಆ ಭಾಗದಲ್ಲಿ ಅಂಚಿನಿಂದ ಎರಡು ಮೀಟರ್ ಎಂದರೆ ಗೂಡ್ಸ್ ಆಟೋ ನಿಂತಿದ್ದ ಅದೇ ಜಾಗ. ಬಣ್ಣ ಬಳಿದು ಪಥವೆಂದು ಬರೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ. ಮೊದಲು ಸಾಮಾನು ಇಳಿಸುವುದಕ್ಕೆ ಬೇರೆ ಸ್ಥಳ ಮತ್ತು ಹೊತ್ತು ಗೊತ್ತಾಗಬೇಕು. ಅದಾಗುವವರೆಗೆ ಸೈಕಲ್ ಸವಾರರು ನಿಂತ ವಾಹನವನ್ನು ಬಳಸಿ ಹೊರಬರುತ್ತಲೇ ಇರುತ್ತಾರೆ, ಮತ್ತು ಹಿಂದಿನಿಂದ ಬರುವ ಚಾಲಕ ಆ ಹೊರಳುವಿಕೆಯನ್ನು ಆಗಲೇ ಆದದ್ದೆಂದು ಎಣಿಸಿ ಬ್ರೇಕಿನ ಮೇಲೆ ಕಾಲಿಡಬೇಕು. ಅಂಚಿನಲ್ಲಿ ಸೈಕಲ್, ಅದರ ಮುಂದೆ ನಿಂತ ವಾಹನ, ಈ ಎರಡು ಒಟ್ಟಿಗೆ ಕಂಡವೆಂದರೆ ಸೈಕಲ್ ಇರುವುದು ಅಂಚಿನಲ್ಲಲ್ಲ, ನಮ್ಮ ಮುಂದೆ.

ಈಗ ಆ ರಸ್ತೆಯಲ್ಲಿ

ಗಾಯಗೊಂಡ ಸೈಕಲ್ ಸವಾರರು ಮೂರೂವರೆ ತಿಂಗಳ ನಂತರ ಕೆಲಸಕ್ಕೆ ಮರಳಿದರು. ಅಲ್ಲಿಯವರೆಗೆ ಅವರ ಭಾವಮೈದುನ ಅಂಗಡಿಗಳಿಗೆ ಮಂಡಕ್ಕಿ ಮುಟ್ಟಿಸಿದರು. ಎರಡು ಅಂಗಡಿಗಳು ಬೇರೆಯವರ ಪಾಲಾದವು, ಮತ್ತೆ ಸಿಗಲಿಲ್ಲ. ಈಗ ಸೈಕಲ್ಲಿನ ಬಲ ಹ್ಯಾಂಡಲ್ಲಿಗೆ ಬೈಕಿನ ಒಂದು ಕನ್ನಡಿಯನ್ನು ಉದ್ದನೆಯ ಕಂಬಿಗೆ ಬೆಸೆದು, ಚೀಲದ ಆಚೆಗೆ ಕಾಣುವಂತೆ ಹಾಕಿಸಿದ್ದೇವೆ. ಮೊದಲ ಎರಡು ಸಲ ಕಂಬಿ ಅದುರಿ ಏನೂ ಕಾಣಲಿಲ್ಲ. ಮೂರನೆಯ ಸಲ ವೆಲ್ಡಿಂಗ್ ಅಂಗಡಿಯವರು ದಪ್ಪ ಕಂಬಿ ಹಾಕಿ ಸರಿಮಾಡಿದರು. ಚೀಲದ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಯನ್ನು ದಾರದಲ್ಲಿ ಕಟ್ಟಿ ಇಳಿಬಿಡುತ್ತಾರೆ. ನಿಂತ ವಾಹನ ಕಂಡರೆ ದೂರದಿಂದಲೇ ಓರೆಯಾಗಿ ಬಲಕ್ಕೆ ಬರುತ್ತಾರೆ. ಹಾಗೆ ಬಂದಾಗ ಹಿಂದಿನವರು ಬೈಯುವುದು ಹೆಚ್ಚಾಗಿದೆ, ತಾಗುವುದು ಕಡಿಮೆಯಾಗಿದೆ ಎಂದು ಅವರು ಹೇಳಿದರು.

ಅಪಘಾತ ನಡೆದ ನಲವತ್ತು ಮೀಟರ್ ಭಾಗದಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ವಾಹನ ನಿಲ್ಲಿಸುವುದನ್ನು ನಿಷೇಧಿಸಬೇಕು, ಸಾಮಾನು ಇಳಿಸಲು ಪಕ್ಕದ ಅಡ್ಡರಸ್ತೆಯಲ್ಲಿ ಜಾಗ ಗುರುತಿಸಬೇಕು ಎಂದು ಅಳತೆಯ ಚಿತ್ರದೊಂದಿಗೆ ಒಂದು ಮನವಿಯನ್ನು ಸಂಬಂಧಪಟ್ಟವರಿಗೆ ಕೊಟ್ಟಿದ್ದೇನೆ. ಅಂಗಡಿಯ ಮಾಲೀಕರೂ ಅದಕ್ಕೆ ಸಹಿ ಹಾಕಿದ್ದಾರೆ. ಕಳೆದ ವಾರ ಹೋದಾಗ ಗೂಡ್ಸ್ ಆಟೋ ಅದೇ ಜಾಗದಲ್ಲಿ ನಿಂತಿತ್ತು. ಅಂಚಿನಿಂದ ಅದರ ಬಲಬದಿಗೆ ಎರಡು ಮೀಟರಿಗೆ ಹತ್ತು ಸೆಂಟಿಮೀಟರ್ ಕಡಿಮೆ. ಮನವಿಯ ಎರಡನೆಯ ಪ್ರತಿಗೆ ಆ ದಿನದ ತಾರೀಖಿನೊಂದಿಗೆ ಈ ಅಳತೆಯನ್ನೂ ಸೇರಿಸಿದ್ದೇನೆ.